ಉಪ್ಪುನೀರಿನ ಸೀಮೆಯಲ್ಲಿ ಸೋಲಾರ್

ಉಡಿಗಾಲದಿಂದ ಗುಂಡ್ಲುಪೇಟೆವರೆಗಿನ ಯಾವ ಊರಲ್ಲೂ ಮನೆ ಬೆಚ್ಚಗಿಡುವ ಯಂತ್ರ ಯಾರಿಗೂ ಬೇಕಿಲ್ಲ. ಬೇಕಾಗಿರುವುದು ಮಾಗಿಯ ಬೆಳಗಿಗೆ ಎರಡು ಬಕೆಟ್ ಬಿಸಿನೀರು. ಹಂಡೆಗೆ ತೆಂಗಿನ ಮಟ್ಟೆ ಒಟ್ಟಿ ಉರಿ ಹಾಕುತ್ತಿದ್ದ ಬಚ್ಚಲುಮನೆಗಳ ಮೇಲೆ ಈಗ ಸೋಲಾರ್ ಕೂತಿದೆ. ಹೊಸ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿ ರಾಜ್ಯ ಸರ್ಕಾರ 2007ರಲ್ಲಿ ಆದೇಶ ಹೊರಡಿಸಿತು. ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿಯೂ ಸಿಕ್ಕಿತು. ಹೊಗೆ ಹೋಯಿತು, ಸೌದೆ ಹೊರುವುದು ತಪ್ಪಿತು. ಈ ಸಾಧನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದನ್ನು ಕೂರಿಸುವ, ನೋಡಿಕೊಳ್ಳುವ ನಮ್ಮ ರೀತಿಯನ್ನು ಮಾತ್ರ ಮೆಚ್ಚಲಾರೆ.

ಎಡವಟ್ಟು ಶುರುವಾಗುವುದು ಅಂಗಡಿಯಲ್ಲೇ. ಎಷ್ಟು ಲೀಟರು, ಎಷ್ಟು ವರ್ಷ ವಾರಂಟಿ ಎಂದೆಲ್ಲ ಮಾತಾಗುತ್ತದೆ. ಮನೆಗೆ ಬರುವ ನೀರು ಎಂಥದು ಎಂದು ಮಾರುವವರು ಕೇಳುವುದಿಲ್ಲ, ಕೊಳ್ಳುವವರು ಹೇಳುವುದಿಲ್ಲ. ಈ ಸೀಮೆಯ ಬೋರ್‌ವೆಲ್ ನೀರು ಗಡಸು. ಕಾದಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಬೇರ್ಪಟ್ಟು ಬಿಳಿ ಹಕ್ಕಳೆಯಾಗಿ ಅಂಟಿಕೊಳ್ಳುತ್ತದೆ. ಹಂಡೆಯಲ್ಲಾದರೆ ಅದು ಕಣ್ಣಿಗೆ ಬೀಳುತ್ತಿತ್ತು, ಕೈ ಹಾಕಿ ಕೆರೆಯಬಹುದಿತ್ತು. ಕಪ್ಪು ಪ್ಯಾನೆಲ್ಲಿನೊಳಗಿನ ಬೆರಳು ಗಾತ್ರದ ತಾಮ್ರದ ಕೊಳವೆಗಳಲ್ಲಿ ಕಟ್ಟಿದರೆ ಕಾಣುವುದೂ ಇಲ್ಲ, ಕೈಗೆ ಎಟಕುವುದೂ ಇಲ್ಲ. ಇದಕ್ಕೆ ಮೋಟರಿನ ನೂಕುಬಲವಿಲ್ಲ. ಕಾದ ನೀರು ಹಗುರಾಗಿ ತಾನೇ ಟ್ಯಾಂಕಿಗೆ ಏರಬೇಕು, ತಣ್ಣೀರು ತಾನೇ ಇಳಿಯಬೇಕು. ಅಷ್ಟು ಮೆಲ್ಲನೆಯ ಹರಿವಿಗೆ ತೆಳು ಹಕ್ಕಳೆಯೂ ಅಡ್ಡಿಯೇ. ಹಾಗಾಗಿ ಇಂಥ ಉಪ್ಪುನೀರಿನ ಮನೆಗೆ, ತಾಮ್ರದ ಕೊಳವೆಗಿಂತ ಅಗಲವಾದ ಗಾಜಿನ ಟ್ಯೂಬಿನ ಸೋಲಾರೇ ಲೇಸು ಎಂಬುದು ನನ್ನ ತೀರ್ಮಾನ. ತಾಮ್ರದ ಪ್ಯಾನೆಲ್ಲೇ ಬೇಕೆನ್ನುವವರು, ಬೋರಿನ ನೀರು ಕೊಳವೆಗೆ ಹೊಗದಂತೆ ಹೀಟ್ ಎಕ್ಸ್‌ಚೇಂಜರ್ ಇರುವುದನ್ನು ಕೇಳಿ ಪಡೆಯಬೇಕು.

ಗಾಜಿನದು ನಾಜೂಕು. ಕರೆಂಟ್ ಕೈಕೊಟ್ಟು ಓವರ್‌ಹೆಡ್ ಟ್ಯಾಂಕ್ ಬರಿದಾದ ದಿನ ಟ್ಯೂಬುಗಳು ನೀರಿಲ್ಲದೆ ಬಿಸಿಲಿಗೆ ಕಾಯುತ್ತವೆ; ಮಧ್ಯಾಹ್ನ ತಣ್ಣೀರು ನುಗ್ಗಿದರೆ ಫಟ್ಟೆಂದು ಒಡೆಯುತ್ತವೆ. ಹೊತ್ತಿಳಿದು ಆರಿದ ಮೇಲೆ ತುಂಬಿಸಬೇಕು. ಟ್ಯೂಬಿನ ಕೆಳತುದಿಯಲ್ಲಿ ಕನ್ನಡಿಯಂಥ ಬೆಳ್ಳಿ ಬಣ್ಣದ ಲೇಪವಿರುತ್ತದೆ. ಎರಡು ಗಾಜುಗಳ ನಡುವಿನ ನಿರ್ವಾತಕ್ಕೆ ಗಾಳಿ ಸೇರಿದರೆ ಅದು ಹಾಲುಬಿಳಿಯಾಗುತ್ತದೆ. ಬಗ್ಗಿ ನೋಡಿದರೆ ಕೆಟ್ಟ ಟ್ಯೂಬ್ ಯಾವುದೆಂದು ಮನೆಯವರೇ ಹೇಳಬಹುದು. ಇಷ್ಟನ್ನು ತೋರಿಸಿಕೊಡದೆ ಬಿಲ್ ಕೊಟ್ಟು ಹೊರಟುಬಿಡುವುದು ಅರೆಗೆಲಸ.

ಚಳಿದೇಶಗಳ ಮನೆಗಳಲ್ಲಿ ರೇಡಿಯೇಟರಿನ ದೋಷವನ್ನು ಮುಟ್ಟಿಯೇ ಪತ್ತೆ ಹಚ್ಚುತ್ತಾರೆ: ಮೇಲ್ಭಾಗ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ, ಕೆಳಭಾಗ ತಣ್ಣಗಿದ್ದರೆ ತುಕ್ಕಿನ ಕೆಸರು ಕೂತಿದೆ. ಪುಟ್ಟ ಕೀಲಿ ತಿರುಗಿಸಿ ಗಾಳಿ ಬಿಡುವುದು ಅಲ್ಲಿ ಮನೆವಾರ್ತೆಯ ಕೆಲಸ. ನಮ್ಮ ಪ್ಯಾನೆಲ್ಲಿಗೂ ಈ ಪರೀಕ್ಷೆ ಸಲ್ಲುತ್ತದೆ. ಒಳ್ಳೆ ಬಿಸಿಲಿನ ಮಧ್ಯಾಹ್ನ ಪ್ಯಾನೆಲ್ ಸುಡುತ್ತಿದ್ದೂ, ಅಲ್ಲಿಂದ ಟ್ಯಾಂಕಿಗೆ ಏರುವ ಪೈಪ್ ಬೆಚ್ಚಗಾಗದಿದ್ದರೆ ಹರಿವು ನಿಂತಿದೆ ಎಂದೇ ಅರ್ಥ.

ನನಗೆ ಅತಿ ಸಂಕಟವಾಗುವುದು ಟ್ಯಾಂಕಿನ ಮೇಲೆ ನೆಟ್ಟಗೆ ನಿಂತ ಗಾಳಿ ಪೈಪಿನ ಬಾಯಿಗೆ ಬಟ್ಟೆ ತುರುಕಿದ್ದು ಕಂಡಾಗ. ನೀರು ತೊಟ್ಟಿಕ್ಕುತ್ತದೆಂದು ಹೀಗೆ ಮಾಡುತ್ತಾರೆ. ಆವಿ ಹೊರಹೋಗಲು, ನೀರು ಇಳಿದಾಗ ಗಾಳಿ ಒಳಬರಲು ಇರುವ ದಾರಿ ಅದು. ಮುಚ್ಚಿದರೆ ಟ್ಯಾಂಕ್ ಉಬ್ಬಬಹುದು, ಒಳಕ್ಕೆ ಕುಗ್ಗಲೂಬಹುದು. ಸರಿಮಾಡಬೇಕಾದ್ದು ಪೈಪಿನ ಎತ್ತರ. ಅದರ ಬಾಯಿ ತಣ್ಣೀರು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು.

ನಮ್ಮಲ್ಲಿ ನಿಗಾ ಇರಲೇ ಇಲ್ಲ ಎಂದೇನಲ್ಲ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹುಣಸೆಹಣ್ಣು ಹಾಕಿ ಹಂಡೆ ತಿಕ್ಕುತ್ತಿದ್ದುದು ವರ್ಷದ ಸರ್ವೀಸೇ ಆಗಿತ್ತು, ಅದೂ ಮಾಗಿ ಹಿಡಿಯುವ ಮುನ್ನ. ಸೋಲಾರಿಗೂ ಆ ದಿನವೇ ತಕ್ಕುದು: ತಳದ ಡ್ರೇನ್ ವಾಲ್ವ್ ಬಿಚ್ಚಿ ಕೆಸರು ಬಿಡುವುದು, ಗಾಜಿನ ಧೂಳು ಒರೆಸುವುದು ಮನೆಯವರಿಂದಲೇ ಆಗುತ್ತದೆ. ಹಕ್ಕಳೆ ಕರಗಿಸುವುದನ್ನು ಮಾತ್ರ ಬಲ್ಲವರಿಗೆ ಬಿಡಬೇಕು. ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದರೆ ಹಕ್ಕಳೆಯ ಜೊತೆಗೆ ಸ್ಟೀಲಿನ ಟ್ಯಾಂಕೂ ತೂತು ಬೀಳುತ್ತದೆ.