ಗೆಳೆಯರ ಮೆಚ್ಚುಗೆ ಮತ್ತು ಕಾವ್ಯ: ಪುಣೆಯ ರವಿಕಿರಣ ಮಂಡಳ

ಕವಿಗಳು ಒಂದೆಡೆ ಕುಳಿತು ಪರಸ್ಪರರ ರಚನೆಗಳನ್ನು ಕೇಳಿ ಮೆಚ್ಚುವ ರೂಢಿಯನ್ನು ನಮ್ಮ ವಿಮರ್ಶೆ ಬಹುಮಟ್ಟಿಗೆ ಸಾಹಿತ್ಯಚರಿತ್ರೆಯ ಹಿನ್ನೆಲೆಯೆಂದಷ್ಟೇ ಗಣಿಸಿದೆ. ಕಾವ್ಯದ ಸ್ವರೂಪವನ್ನೂ ಅದು ರೂಪಿಸಬಲ್ಲದೆಂಬುದಕ್ಕೆ 1923ರಲ್ಲಿ ಪುಣೆಯಲ್ಲಿ ಆರಂಭಗೊಂಡ ಮರಾಠಿ ಕವಿಕೂಟ ರವಿಕಿರಣ ಮಂಡಳವೇ ನಿದರ್ಶನ. ಮಾಧವ ಜೂಲಿಯನ್, ಯಶವಂತ, ಗಿರೀಶ, ಶ್ರೀಧರ ಮತ್ತು ಮನೋರಮಾ ರಾನಡೆ ದಂಪತಿಗಳು ಮೊದಲಾದವರು ಅದರಲ್ಲಿದ್ದರು. ರವಿವಾರದ ಚಹಾಕೂಟವೇ ಅವರ ಗೋಷ್ಠಿ.

ಪ್ರಾಚೀನ ಕನ್ನಡ ಕವಿಯು ಪೀಠಿಕೆಯಲ್ಲಿ ಪೂರ್ವಕವಿಗಳನ್ನು ಸ್ತುತಿಸುತ್ತಾನೆ, ಕುಕವಿಗಳನ್ನು ನಿಂದಿಸುತ್ತಾನೆ. ಎದುರಿಗೆ ಕುಳಿತ ಗೆಳೆಯನಿಗೆ ಅಲ್ಲಿ ಎಡೆ ವಿರಳ. ಪುಣೆಯಲ್ಲಾದರೋ ಆ ಗೆಳೆಯನೇ ಪ್ರಥಮ ಸಹೃದಯ. ಹೆಣ್ಣಿನ ಕವಿತೆಗೂ ಅಲ್ಲಿ ಸರಿಸಮಾನ ಆಸನವಿತ್ತೆಂಬುದು ಸಣ್ಣ ಮಾತಲ್ಲ. ಆದರೆ ಯಶವಂತ, ಗಿರೀಶರು ಕವಿತೆಗಳನ್ನು ಹಾಡಿಯೇ ಜನಪ್ರಿಯಗೊಳಿಸಿದವರು. ಕೇಳಿದೊಡನೆ ಒಲಿಯುವ ರಚನೆಗೆ ಇಂಥ ಕೂಟದಲ್ಲಿ ಮೆಚ್ಚುಗೆ ಸುಲಭ. ಮರು ಓದನ್ನು ಬೇಡುವ ರಚನೆಗೆ ಹಾಗಲ್ಲ.

1925ರಲ್ಲಿ ಪ್ರ.ಕೇ. ಅತ್ರೆಯವರು 'ಝೆಂಡೂಚೀ ಫುಲೇ' (ಚೆಂಡುಹೂಗಳು) ಎಂಬ ಅಣಕವಾಡುಗಳ ಸಂಕಲನದಲ್ಲಿ ಈ ಕವಿಗಳನ್ನು ಲೇವಡಿ ಮಾಡಿದರು. ಕೂಟವು ಹುಟ್ಟಿ ಎರಡೇ ವರ್ಷ! ಶೈಲಿಯೊಂದು ರೂಢಿಗೊಂಡಲ್ಲದೆ ಅಣಕ ಸಾಧ್ಯವಿಲ್ಲ. ಒಳಗಿನವರು ಆಡಬೇಕಿದ್ದ ಮಾತನ್ನು ಹೊರಗಿನವರು ನಗುತ್ತ ಆಡಿದರೆಂದೇ ನಮ್ಮ ಅಭಿಪ್ರಾಯ.

ಪುಣೆಯಲ್ಲಿಯೇ ಕಾಲೇಜು ಓದಿದ ಬೇಂದ್ರೆಯವರ ಸುತ್ತ ಧಾರವಾಡದಲ್ಲಿ ಬೆಳೆದ ಗೆಳೆಯರ ಗುಂಪನ್ನು ಇದರೊಡನೆ ತೂಗಿ ನೋಡಬೇಕು. ಅಲ್ಲಿ ವಿ.ಕೃ. ಗೋಕಾಕರಂಥ ಕವಿಗಳ ಜೊತೆಗೆ ಶಂ.ಬಾ. ಜೋಶಿಯವರಂಥ ಸಂಶೋಧಕರೂ ಇದ್ದರು. ಕವಿಯಲ್ಲದ ಕಿವಿಯೊಂದು ಗೋಷ್ಠಿಯಲ್ಲಿದ್ದಾಗ ಮೆಚ್ಚುಗೆಯ ಜಾತಿಯೇ ಬೇರೆಯಾಗುತ್ತದೆ.