ಗಂಗಾಮೂಲದ ಮಗಳು ಬರೆದ ಪುಸ್ತಕ

ಪಂಡಿತಾ ರಮಾಬಾಯಿಯವರು 1887ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಎಂಬ ಆಂಗ್ಲ ಕೃತಿಯನ್ನು ಅವರು ತಮ್ಮ ತಾಯಿ ಲಕ್ಷ್ಮೀಬಾಯಿಯವರ ನೆನಪಿಗೆ ಅರ್ಪಿಸಿದ್ದಾರೆ. ಇದು ಸಾಮಾನ್ಯ ಅರ್ಪಣೆಯಲ್ಲ. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ಸಂಪ್ರದಾಯಸ್ಥರ ವಿರೋಧವನ್ನು ಲೆಕ್ಕಿಸದೆ, ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿಗೆ ಸಂಸ್ಕೃತ ಕಲಿಸಿದರು. ಆ ತಾಯಿ 1858ರಲ್ಲಿ ಜನಿಸಿದ ಮಗಳಿಗೆ ಕಲಿಸಿದರು. ಈ ಗ್ರಂಥದ ಮೂಲ ಆ ಮನೆಯ ಪಾಠವೇ.

ಬಾಲವಿಧವೆಯರ ಶಾಲೆಗಾಗಿ ನೆರವು ಕೋರಿ ಬರೆದ ಪುಸ್ತಕವಿದು. ಆದರೆ ಕೇವಲ ಕರುಣೆಯನ್ನು ಬೇಡುವುದಿಲ್ಲ. ಮನುಸ್ಮೃತಿಯನ್ನು ಸ್ವತಃ ಓದಬಲ್ಲ ಮಹಿಳೆ ಅದರೊಡನೆ ವಾದಿಸುವ ಧೈರ್ಯ ಇಲ್ಲಿದೆ. ಸ್ತ್ರೀಯರಿಗೆ ಬೇಕಾದುದು ಸ್ವಾವಲಂಬನೆ, ವಿದ್ಯೆ ಮತ್ತು ಈ ನಾಡಿನವರೇ ಆದ ಶಿಕ್ಷಕಿಯರು ಎನ್ನುತ್ತಾರೆ ಲೇಖಕಿ. ಕಲಿಯುವವಳು ನಾಳೆ ಕಲಿಸಬೇಕು, ಮುನ್ನಡೆಸಬೇಕು ಎಂಬುದೇ ಇದರ ತಿರುಳು. ಕೊರತೆಯೂ ಇದೆ: ಶೀರ್ಷಿಕೆಯೇ ಹೇಳುವಂತೆ, ದಲಿತ, ಶ್ರಮಿಕ ಸ್ತ್ರೀಯರು ಇದರ ಅಂಚಿನಲ್ಲೇ ಉಳಿದುಬಿಡುತ್ತಾರೆ. ಆ ಲೋಪವನ್ನು ತುಂಬಿದ್ದು ಅವರ ಬದುಕು. 1896-97ರ ಬರಗಾಲದ ನಂತರ ಕೆಡಗಾಂವ್‌ನ ಅವರ ‘ಮುಕ್ತಿ’ ಆಶ್ರಮದಲ್ಲಿ ನಾನಾ ಜಾತಿಗಳ ನೂರಾರು ಹೆಣ್ಣುಮಕ್ಕಳು ಓದು, ನೇಯ್ಗೆ, ಮುದ್ರಣಗಳನ್ನು ಕಲಿತರು.

1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನವು 1893ರಲ್ಲಿ, ಪುಣೆಯಲ್ಲಿದ್ದಾಗ, ಮತಾಂತರದ ಆರೋಪಕ್ಕೆ ಗುರಿಯಾಯಿತು; ಪೋಷಕರು ಅನೇಕ ಬಾಲಕಿಯರನ್ನು ಹಿಂದಕ್ಕೆ ಕರೆದೊಯ್ದರು. ಧರ್ಮದ ವಿಷಯದಲ್ಲಿ ತಟಸ್ಥತೆಯ ಭರವಸೆ ಕೊಟ್ಟಿದ್ದ ಸಂಸ್ಥೆಯ ಬಗ್ಗೆ ಅವರಿಗಿದ್ದ ಆತಂಕವನ್ನು, ನಾನು ಗುರುವಾಗಿದ್ದರೂ, ತಳ್ಳಿಹಾಕಲಾರೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಪ್ರಸಂಗ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ರಮಾಬಾಯಿ ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿದ್ದಾಗ, ಪುರುಷರಿಗೂ ಪಾಠ ಹೇಳುವ ಪ್ರಸ್ತಾಪ ಬಂತು. ಭಾರತದಲ್ಲಿ ಸೇವೆಯಲ್ಲಿದ್ದ ಆಂಗ್ಲಿಕನ್ ಧರ್ಮಾಧ್ಯಕ್ಷರು ಆಕ್ಷೇಪಿಸಿದರು. ಕಲ್ಕತ್ತೆಯ ಪಂಡಿತರು 1878ರಲ್ಲೇ ಆಕೆಗೆ ‘ಸರಸ್ವತಿ’ ಎಂಬ ಬಿರುದು ಕೊಟ್ಟಿದ್ದರೆಂಬುದನ್ನು ನೆನೆದರೆ ನಮಗೆ ನಾಚಿಕೆಯಾಗಬೇಕು.

ಅವರು ಬೇರೆ ಸಭೆಯವರು ಎಂದು ನಾವು ಜಾರಿಕೊಳ್ಳಬಹುದೇ? ಹಿಂದೊಮ್ಮೆ ನಾನು ಒಂದು ಶಾಲೆಯ ಸಂಚಾಲಕನಾಗಿದ್ದೆ. ಶಾಲೆಯನ್ನು ನಡೆಸುತ್ತಿದ್ದವರು ಧರ್ಮಭಗಿನಿಯರು ಮತ್ತು ಶಿಕ್ಷಕಿಯರು. ಶುಲ್ಕ, ನೇಮಕಾತಿ, ಬಡಮಕ್ಕಳಿಗೆ ರಿಯಾಯಿತಿ ಎಲ್ಲವನ್ನೂ ಮೇಜಿನ ಈಚೆ ಕುಳಿತು ನಿರ್ಧರಿಸುತ್ತಿದ್ದವನು ನಾನು. ಮುಖ್ಯೋಪಾಧ್ಯಾಯಿನಿಯವರು ಸಹಿಗಾಗಿ ಕಡತ ಹಿಡಿದು ನಿಂತೇ ಇರುತ್ತಿದ್ದರು. ಕುಳಿತುಕೊಳ್ಳಿ ಎನ್ನಲು ನನಗೆ ಎರಡು ವರ್ಷ ಬೇಕಾಯಿತು.