ಯಶೋಧರನ ಮೂರು ನಿರ್ಧಾರಗಳು

ಜನ್ನನ ಯಶೋಧರಚರಿತೆಯನ್ನು (ಕ್ರಿ. ಶ. 1209) ಸಂಕಲ್ಪಹಿಂಸೆಯ ಫಲವನ್ನು ಸಾರುವ ಕಥೆಯೆಂದು ಓದುವುದು ವಾಡಿಕೆ. ಅದು ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ರಾಜನ ಮನಸ್ಸಿನಲ್ಲಿ ಕವಿಯು ಕಂಡ ತೊಡಕು ಮರೆಯಾಗುವುದು. ಹಿಟ್ಟಿನ ಕೋಳಿಯನ್ನು ಕಡಿಯುವುದಕ್ಕೆ ಮುನ್ನವೇ ಯಶೋಧರನು ಎರಡು ಸಲ ನಿರ್ಧಾರ ಮಾಡಿರುವನು.

ಮೊದಲನೆಯದು ಇರುಳಿನದು. ಅಮೃತಮತಿಯು ಅಷ್ಟಾವಂಕನೊಡನೆ ಇರುವುದನ್ನು ಅವನು ಕಣ್ಣಾರೆ ಕಂಡನು. ಇಲ್ಲಿ ಸಂಶಯಕ್ಕೆ ಎಡೆಯಿಲ್ಲ. ಎತ್ತಿದ ಕತ್ತಿಯನ್ನು ತಡೆದುದು ಬರಿಯ ದಯೆಯಲ್ಲ; ವೈರಿಗಳ ಮೇಲೆ ಬೀಳತಕ್ಕ ಕತ್ತಿ ಇಂಥವರ ಮೇಲೆ ಬೀಳಬಾರದೆಂಬ ಕ್ಷತ್ರಿಯಾಭಿಮಾನವೇ ಅಲ್ಲಿ ಮುಂದಾಗಿದೆ. ಎರಡನೆಯದು ಬೆಳಗಿನದು. ಕಂಡುದನ್ನು ತಾಯಿಗೆ ಹೇಳಲಾರದೆ, ತಾವರೆಗೊಳವನ್ನು ಬಿಟ್ಟು ಕೊಳಕುನೀರಿಗಿಳಿದ ಹಂಸೆಯ ಕನಸೆಂದು ಅದನ್ನು ಮರೆಸುವನು. ಇದೂ ಅದೇ ಅಭಿಮಾನದ ಕೆಲಸ.

ವಿಮರ್ಶಕರು ಹೆಚ್ಚಾಗಿ ಗಮನಿಸದ ಅಂಶ ಇಲ್ಲಿದೆ. ಕನಸಿನ ಫಲವೇನೆಂಬ ಭಯವು ಚಂದ್ರಮತಿಯದು, ಯಶೋಧರನದಲ್ಲ. ಅವಳ ಅನಿಶ್ಚಯವನ್ನು ಸೃಷ್ಟಿಸಿದವನೇ ಮಗನು. ಸುಳ್ಳು ಕನಸನ್ನು ನಿಜವೆಂದು ನಂಬಿದ ತಾಯಿಗೆ, ಅವಳ ಶ್ರದ್ಧೆಯು ತೋರಬಹುದಾದ ದಾರಿ ದೇವಿಗೆ ಬಲಿ ಕೊಡುವುದೊಂದೇ. ಅವಳನ್ನು ಮೂಢಳೆಂದು ತಳ್ಳಿಹಾಕುವ ಓದು ಕಾವ್ಯಕ್ಕೆ ನ್ಯಾಯ ಮಾಡದು.

ಮೂರನೆಯ ನಿರ್ಧಾರದಲ್ಲಿ ಮಾತ್ರ ರಾಜನಿಗೆ ನಿಜವಾದ ಸಂಶಯವುಂಟು: ಜೀವವಿಲ್ಲದುದನ್ನು ಕಡಿದರೆ ಹಿಂಸೆಯಾಗುವುದೇ? ಅಹಿಂಸೆಯು ಜೀವಬಲಿಯನ್ನು ನಿಲ್ಲಿಸಿತು. ಮಾತೃಭಕ್ತಿಯು ಕತ್ತಿಯನ್ನು ಕೈಗೆ ಕೊಟ್ಟಿತು. ಎರಡಕ್ಕೂ ಅರ್ಧರ್ಧ ಸಲ್ಲಿಸಿದ ಈ ಒಪ್ಪಂದವು ಲೌಕಿಕರಿಗೆ ವಿವೇಕವೆಂದೇ ತೋರೀತು. ಕೋಳಿಯೊಳಗೆ ಬೆಂತರ ಹೊಕ್ಕು ಕೂಗಿದಾಗ ಸಂಶಯವೇನೋ ಹರಿಯಿತು, ಆದರೆ ಕತ್ತಿ ಇಳಿದಾಗಿತ್ತು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ (1980) ರಾಣಿಯನ್ನೇ ಜೈನಳನ್ನಾಗಿ ಮಾಡಿ, ರಾಜನ ಅಹಿಂಸೆಯು ಅವಳಿಂದ ಬಂದುದೆಂದು ತೋರಿಸಿದರು. ಅಲ್ಲಿ ಇಕ್ಕಟ್ಟು ಹೆಂಡತಿ ತಾಯಿಯರ ನಡುವಣದು. ಜನ್ನನಲ್ಲಿ ಅದು ಒಬ್ಬನ ಎದೆಯೊಳಗಿನದು. ಆದುದರಿಂದಲೇ ಹೆಚ್ಚು ಬಿಗಿಯಾದುದು.

ಮುಂದಣ ಭವಾವಳಿಯನ್ನು ಬರಿಯ ಕರ್ಮದ ಲೆಕ್ಕವೆಂದು ಬೇಗನೆ ಓದಿ ಮುಗಿಸುವವರುಂಟು. ಅದರ ಮೊದಲ ಜನ್ಮವಾದರೂ ನಿಧಾನಿಸಿ ನೋಡತಕ್ಕುದು. ನವಿಲಾಗಿ ಹುಟ್ಟಿದ ಯಶೋಧರನು ಹಳೆಯ ನೆನಪು ಮರುಕಳಿಸಿ ಅಷ್ಟಾವಂಕನ ಮೇಲೆ ಎರಗುವನು. ಅಂದು ತಡೆದ ಕೈಗೆ ಇಂದು ರಾಜಾಭಿಮಾನದ ಕಟ್ಟಿಲ್ಲ. ಪೆಟ್ಟು ತಿಂದು ಬಿದ್ದ ಆ ನವಿಲನ್ನು ಕಚ್ಚಿ ಕೊಲ್ಲುವ ನಾಯಿಯು, ಕನಸನ್ನು ನಂಬಿದ ಆ ತಾಯಿಯೇ.